ಸಕ್ಕುಬಾಯಿಯ ನಡು

ಜುಗೂಳದಲ್ಲಿ ಅತ್ತೆ ಗೌರಾಬಾಯಿ ಕೊಟ್ಟಿಗೆಯಲ್ಲಿ ಜಾರಿಬಿದ್ದು ಕೈ ಮುರಿದುಕೊಂಡಳೆಂಬ ಸುದ್ದಿಯನ್ನು ಬಸ್ಸಿನ ಕಂಡಕ್ಟರ್ ನಿಪ್ಪಾಣಿಗೆ ತಂದು ಮುಟ್ಟಿಸಿದಾಗ ಮಲಕಾರಿ ಹಲ್ಲುಜ್ಜುತ್ತಿದ್ದ. ಬಾಯಲ್ಲಿದ್ದ ನೊರೆಯನ್ನು ಹಾಗೇ ನುಂಗಿಬಿಟ್ಟ. ಚೊಚ್ಚಲ ಬಾಣಂತನ ತವರಿನವರದು. ಅತ್ತೆಯ ಕೈಯೇ ಮುರಿದ ಮೇಲೆ ಯಾವ ತವರು? ಅವನಿಗಂತೂ ತಾಯಿ ಇರಲಿಲ್ಲ. ದಿನ ತುಂಬಿದ ಹೆಂಡತಿ ಸುಂದರಾ ಗೋಡೆಗೊರಗಿ ಕೂತಿದ್ದಳು.

"ಕೂಸಿಗೆ ನೀರ ಯಾರ ಹಾಕ್ತಾರ್ರಿ?"

"ನಾ ಹಾಕ್ತೀನಿ."

ಅವಳು ಅಳತೊಡಗಿದಳು.

ಅಳು ಕೇಳಿ ಪಕ್ಕದ ಮನೆಯ ಕುಲಸುಂಬಿ ಬಂದಳು. ಹೋದ ವಾರವಷ್ಟೇ ಊರ ಆಚೆ ಬದಿಯಲ್ಲಿರುವ ಮಗಳು ಮೈಮುನಾಳ ಮನೆಗೆ ಹೋಗಿ ಆಗಷ್ಟೇ ಹುಟ್ಟಿದ ಎರಡನೆಯ ಮೊಮ್ಮಗನನ್ನು ನೋಡಿ ಬಂದಿದ್ದಳು. "ಅಳಬ್ಯಾಡ ಬೇಟಿ. ಅಡಗಿ, ಅಂಟಿನ ಉಂಡಿ, ಬೆಂಕಿ, ರಾತ್ರಿ ನಿನ್ನ ಹಂತ್ಯಾಕ ಕೂಡೂದು, ಎಲ್ಲಾ ನಂದು. ನೀರ ಹಾಕೂದೊಂದ ನನ್ನ ಮೊಣಕಾಲಿಗೆ ಆಗೂದಿಲ್ಲ. ಅದಕ್ಕ ಯಾರನರೆ ನೋಡಪಾ ಮಲಕಾರಿ," ಎಂದು ಹೇಳಿ, ಬಾಣಂತಿಯ ಉಂಡಿಗೆ ಕೊಬ್ಬರಿ ಹೆರೆಯಲು ಮನೆಗೆ ಹೋದಳು.

ಕರೆಯದೆ ಬಂದವಳು ಎದುರುಮನೆಯ ಕೆಂಚವ್ವ. ಕೋಣೆಯನ್ನು ಸುತ್ತು ಹಾಕಿ ನೋಡಿದಳು. "ಕಿಟಕ್ಯಾಗಿಂದ ಇಷ್ಟ ಗಾಳಿ ಬರತೈತಲ್ಲೋ! ಇಲ್ಲೆ ಬಾಣಂತೀನ ಇಡಾವನೋ, ಉಳ್ಳಾಗಡ್ಡಿ ಇಡಾವನೋ?"

ಮಲಕಾರಿ ತಾನು ಕಾರಕೂನನಾಗಿದ್ದ, ತಂಬಾಕು ಕೂಡಿಡುವ ವಖಾರದಿಂದ ತಂದ ಗೋಣಿಚೀಲವನ್ನು ಕಿಟಕಿಗೆ ಹೊಡೆದ. ಮೊದಲ ಮೊಳೆಗೇ ಚೀಲದ ತಂಬಾಕಿನ ಪುಡಿ ಕೋಣೆಯ ತುಂಬ ಹರಡಿತು. ಸುಂದರಾ ಸೀನಿದಳು, ಮಲಕಾರಿ ಸೀನಿದ, ಕೆಂಚವ್ವ ಸೀನುತ್ತಲೇ ಬೈದಳು: "ಆಕಿ ಸೀನಿ ಸೀನಿ ಈಗ ಹಡದ ಬಿಟ್ಟಾಳೋ! ತಗಿ ಮೊದಲ ಅದನ್ನ. ಹೋಗಿ ಸಕ್ಕುಬಾಯೀನ ಹಿಡಿ. ಆಕಿ ಎರದ ಕೂಸಿನ ತಲಿ ಲಿಂಬಿಹಣ್ಣಿನಂಗ ದುಂಡಗಾಗತೈತಿ."

ಸಕ್ಕುಬಾಯಿ ತನ್ನ ಮನೆಯ ಕಟ್ಟೆಯ ಮೇಲೆ ಕೂತು, ಹುರಿದ ತಂಬಾಕಿನ ಮಿಶ್ರಿಯನ್ನು ಹಲ್ಲಿಗೆ ತಿಕ್ಕುತ್ತಿದ್ದಳು.

"ಒಂದ ಮನಿ ಹಿಡದೇನಪಾ. ಒಂದ ಸಲಕ್ಕ ಎರಡ ಮನಿ ಹಿಡಿಯಾಕಿ ಅಲ್ಲ ನಾ."

ಯಾವ ಮನೆ ಎಂದು ಮಲಕಾರಿ ಕೇಳಲಿಲ್ಲ. ಕೇಳಿದರೆ ತನ್ನ ಮನಸ್ಸೇ ಕರಗೀತೆಂಬ ಭಯ. ಅವನ ಕಣ್ಣು ತಳ ಕಾಣುತ್ತಿದ್ದ ಅವಳ ಮಿಶ್ರಿ ಡಬ್ಬಿಯ ಮೇಲಿತ್ತು.

"ಆಯಿ, ನಾ ವಖಾರದಾಗ ಅದೇನಿ. ಬಾಣಂತನ ಮುಗಿಯೂತನಕ ನಿನ್ನ ಮಿಶ್ರಿಗೆ ತಂಬಾಕ ನಂದು. ಅಸಲ ಮಾಲ."

ಅವಳ ಬೆರಳು ಬಾಯಲ್ಲೇ ನಿಂತಿತು. "ಆ ಮನಿಯವರಿಗೆ ಏನ ಹೇಳ್ಲಿ?"

"ನಡಾ ಹಿಡದೈತಿ ಅನ್ನು."

"ಅಯ್ಯಯ್ಯಪಾ!" ಎಂದು ಸಕ್ಕುಬಾಯಿ ಅಲ್ಲೇ ಒಮ್ಮೆ ನರಳಿ ನೋಡಿದಳು. ಎಷ್ಟು ಚೆನ್ನಾಗಿ ನರಳಿದಳೆಂದರೆ, ಮಲಕಾರಿಯೇ ಎಬ್ಬಿಸಲು ಕೈ ಚಾಚಿದ.

ಸಂಜೆ ಅವನು ತನ್ನ ಮನೆಯ ಬಾಗಿಲಲ್ಲಿ ನಿಂತು ಮೊದಲ ಸಲ ನಿರಾಳವಾಗಿ ಉಸಿರು ಬಿಡುತ್ತಿದ್ದಾಗ ಕುಲಸುಂಬಿ ಬಟ್ಟೆಯ ಗಂಟು ಹಿಡಿದು ಬಂದಳು.

"ಮೈಮುನಾನ ಮನಿಗೆ ಹೊಂಟೀನಪಾ. ಅಲ್ಲಿ ನೀರ ಹಾಕಾಕಿ ನಡಾ ಹಿಡಕೊಂಡ ಮಲಗ್ಯಾಳಂತ. ಮೊಣಕಾಲ ಮುರದ್ರೂ ಇನ್ನ ನಾನ ಎರೀಬೇಕು."

ಕೇಳದೆ ಬಿಟ್ಟಿದ್ದ ಮನೆ ಯಾವುದೆಂದು ಮಲಕಾರಿಗೆ ಈಗ ತಿಳಿಯಿತು.

"ನಿನಗರೆ ಯಾರಾದ್ರೂ ಸಿಕ್ರೋ?"

"ಇ... ಇಲ್ರಿ ಮಾವಶಿ."

"ಪಾಪ, ನಿನ್ನ ಗತೀನೂ ನನ್ನಂಗ ಆತು," ಎಂದು ಕುಲಸುಂಬಿ ಅವನ ಬೆನ್ನು ಸವರಿದಳು.

ಅಷ್ಟರಲ್ಲಿ ಬಚ್ಚಲಿನಿಂದ ದಡಬಡ ಸದ್ದಾಯಿತು. ಕೂಸಿಗೆ ಎರೆಯುವ ಜಾಗ ನೋಡಿಕೊಳ್ಳಲೆಂದು ಹಿತ್ತಿಲ ಬಾಗಿಲಿನಿಂದ ಬಂದಿದ್ದ ಸಕ್ಕುಬಾಯಿ, ಇಬ್ಬರು ಗಂಡಸರು ಸೇರಿ ಕೂರಿಸಿದ್ದ ಬಚ್ಚಲುಗಲ್ಲನ್ನು ಒಬ್ಬಳೇ ಎತ್ತಿಕೊಂಡು ಹೊರಗೆ ಬಂದಳು.

"ಮಲಕಾರೀ, ಈ ಕಲ್ಲ ಜಾರತೈತೋ. ಬ್ಯಾರೆ ಹಾಕಸ..."

ಕುಲಸುಂಬಿಯನ್ನು ಕಂಡು ಕಲ್ಲು ಕೆಳಗಿಳಿಯಿತು. ಕೈ ನಡುವಿಗೆ ಹೋಯಿತು. ಆದರೆ ಈ ಸಲ ನರಳಿಕೆ ಹೊರಡಲಿಲ್ಲ.

ಕುಲಸುಂಬಿ ಮಲಕಾರಿಯನ್ನೂ ಆ ಕಲ್ಲನ್ನೂ ಒಂದೊಂದು ಸಲ ನೋಡಿದಳು. "ನಾ ನಿನ್ನ ಹೇಣ್ತಿಗೆ ಉಂಡಿ ಕಟ್ಟಾಕತ್ತಿದ್ನಲ್ಲೋ," ಎಂದಳು. ಸಕ್ಕುಬಾಯಿಯ ರಟ್ಟೆ ಹಿಡಿದು, "ನಡಿ ಬೇ," ಎಂದು ಎಳೆದುಕೊಂಡು ಹೊರಟಳು.

"ಮಾವಶಿ ಹೋದ್ರೇನ್ರಿ?" ಒಳಗಿನಿಂದ ಸುಂದರಾ ಕೇಳಿದಳು.

"ಹ್ಞೂಂ."

"ಸಕ್ಕುಬಾಯಿ?"

"ಆಕೀನೂ."

ಸುಂದರಾ ಬಾಗಿಲ ಚೌಕಟ್ಟು ಹಿಡಿದು ಮುಂದಕ್ಕೆ ಬಗ್ಗಿದಳು. "ನಂಗ ನೋವ ಸುರು ಆಗ್ಯಾವ್ರಿ."

ಮಲಕಾರಿ ಬರಿಗಾಲಲ್ಲೇ ಬೀದಿಗೆ ಹಾರಿದ. ಇಬ್ಬರೂ ಗಲ್ಲಿಯ ತಿರುವಿನಲ್ಲಿ ಮರೆಯಾಗುತ್ತಿದ್ದರು. ಯಾರ ಹೆಸರನ್ನು ಮೊದಲು ಕೂಗಬೇಕೆಂದು ತಿಳಿಯದೆ ಬಾಯಿ ತೆರೆದರೆ, "ಅವ್ವಾ!" ಎಂಬ ಕೂಗು ಹೊರಬಿತ್ತು.

ಅದಕ್ಕೆ "ಬಂದ್ನೋ!" ಎಂದವಳು ಕೆಂಚವ್ವ ಒಬ್ಬಳೇ.