ಇಡ್ಲಿ ಪಾತ್ರೆಯ ಮಂಚ

ಲೋಕದಲ್ಲಿ ಬಾಯಿಬಿಟ್ಟು ಕೇಳಲಾಗದ ವಸ್ತುಗಳು ಎರಡು. ಒಂದು, ಪಂಕ್ತಿಯಲ್ಲಿ ಕೂತಾಗ ಎರಡನೆಯ ಸಲದ ಹೋಳಿಗೆ. ಇನ್ನೊಂದು, ಮುಯ್ಯಿ. ನಮ್ಮ ಕಡೆ ಮದುವೆಗೋ ಗೃಹಪ್ರವೇಶಕ್ಕೋ ಹೋದರೆ ಏನಾದರೂ ಉಡುಗೊರೆ ಕೊಟ್ಟು ಬರುತ್ತೇವೆ. ನಾಳೆ ನಮ್ಮ ಮನೆಯಲ್ಲಿ ಕಾರ್ಯವಾದಾಗ ಅವರು ಬಂದು ಅದಕ್ಕೆ ಸರಿಸಾಟಿಯಾದದ್ದನ್ನು ತಿರುಗಿ ಕೊಡುತ್ತಾರೆ. ಅದೇ ಮುಯ್ಯಿ. ಕೊಟ್ಟವರು ಮರೆತವರ ಹಾಗೆ ಇರಬೇಕು, ಪಡೆದವರು ಮಾತ್ರ ಮರೆಯಕೂಡದು ಎಂಬುದು ಇದರ ಧರ್ಮ. ಈ ಧರ್ಮವನ್ನು ನಾನು ಇಪ್ಪತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದ್ದೇನೆ. ಅದರ ಫಲವಾಗಿಯೇ ನನ್ನ ಮಗಳು ಈಗ ಬಚ್ಚಲುಮನೆಯ ಬಾಗಿಲಿನ ಮೇಲೆ ಮಲಗುತ್ತಿದ್ದಾಳೆ.

ನಾನು ಸಿ.ಎಸ್. ಪುರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಮಗಳು ಚೈತ್ರಾ ಒಬ್ಬಳೇ. ಅವಳಿಗೆ ತುಮಕೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಅದರ ಹಿಂದೆಯೇ ಹಾಸ್ಟೆಲಿನಲ್ಲಿ ರೂಮೂ ಸಿಕ್ಕಿತು. ಸೀಟಿಗಿಂತ ರೂಮಿಗೇ ಅವಳು ಹೆಚ್ಚು ಹಿಗ್ಗಿದಳು. ನಮ್ಮದು ಬಾಡಿಗೆ ಮನೆ. ಹುಟ್ಟಿದಾಗಿನಿಂದ ಅವಳು ಮಲಗಿದ್ದು ನಡುಮನೆಯಲ್ಲಿ, ಟಿ.ವಿ.ಗೂ ಫ್ರಿಜ್ಜಿಗೂ ನಡುವೆ. ಹಾಸ್ಟೆಲಿನ ರೂಮಿನಲ್ಲಿ ಅವಳ ಪಾಲಿನ ಗೋಡೆಗೆ ಒಂದು ಕಿಟಕಿಯಿತ್ತು. ಅದನ್ನು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಹೊರಗೆ ಕಾಣುತ್ತಿದ್ದದ್ದು ಪಕ್ಕದ ಕಟ್ಟಡದ ನೀರಿನ ಟ್ಯಾಂಕು ಮಾತ್ರ. "ಅಪ್ಪ, ಇದು ನಂದೇ ಕಿಟಕಿ" ಅಂದಳು. ಮಗುವಿಗೆ ಇಷ್ಟು ವರ್ಷ ಒಂದು ಕಿಟಕಿ ಕೊಡಲಾಗಲಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು.

ಸಂಕಟಪಡಲು ಹೆಚ್ಚು ಹೊತ್ತು ಸಿಗಲಿಲ್ಲ. ವಾರ್ಡನ್ ಮೇಡಂ ಬಾಗಿಲಲ್ಲಿ ನಿಂತು ನಿಯಮ ಹೇಳಿದರು. ರೂಮು ಖಾಲಿ, ಸಾಮಾನು ನಮ್ಮದೇ. ರೂಮಿನಲ್ಲಿ ಅಡುಗೆ ಮಾಡುವಂತಿಲ್ಲ. ಯಾರೂ ನೆಲದ ಮೇಲೆ ಮಲಗುವಂತಿಲ್ಲ. ಹಿಂದೊಮ್ಮೆ ಒಂದು ಹುಡುಗಿಯ ಚಾಪೆಯಡಿ ಚೇಳು ಸಿಕ್ಕಿತ್ತಂತೆ. "ಬರೋ ಸೋಮವಾರ ನೋಡಕ್ಕೆ ಬರ್ತೀನಿ. ಮಂಚ ಇಲ್ದಿದ್ರೆ ರೂಮು ಬೇರೆಯವ್ರಿಗೆ. ಕಾಯ್ತಾ ಇರೋರು ಬೇಜಾನ್ ಜನ ಇದಾರೆ" ಅಂದರು. ಅಷ್ಟರಲ್ಲಿ ಚೈತ್ರಳ ರೂಮಿನ ಜೊತೆಗಾತಿ, ಕುಣಿಗಲ್ಲಿನ ಪಲ್ಲವಿ ಎಂಬ ಹುಡುಗಿ, ತನ್ನ ಅಪ್ಪನ ಸಂಗಡ ಬಂದಳು. ಆತ ಒಂದು ಮಡಚುವ ಮಂಚ, ಒಂದು ಬಕೆಟ್ಟು, ಒಂದು ಹಾಸಿಗೆ ಇಳಿಸಿ, ಕೈ ಕೊಡವಿಕೊಂಡು ಬಸ್ಸಿಗೆ ಹೊರಟೇಬಿಟ್ಟ. ಪಾಪ, ಇವನಿಗೆ ಬಂಧುಬಳಗವೇ ಇಲ್ಲವೇನೋ ಎಂದು ನನಗೆ ಮರುಕ ಹುಟ್ಟಿತು.

ಫೀಸು ಕಟ್ಟಿದ ಮೇಲೆ ನನ್ನ ಜೇಬಿನಲ್ಲಿ ಉಳಿದಿದ್ದು ಒಂದು ಬಾಚಣಿಗೆ. ಅದಕ್ಕೆ ತಕ್ಕ ಕೂದಲೂ ಉಳಿದಿರಲಿಲ್ಲ. ಮಂಚ, ಮೇಜು, ಕುರ್ಚಿ, ಬಕೆಟ್ಟು ಎಲ್ಲಿಂದ ತರುವುದು ಎಂದು ಯೋಚಿಸುತ್ತ ಬಸ್ಸಿನಲ್ಲಿ ಕೂತಿದ್ದಾಗ, ಗುಬ್ಬಿ ದಾಟುವಷ್ಟರಲ್ಲಿ, ತಲೆಯಲ್ಲಿ ದೀಪ ಹತ್ತಿತು. ಮುಯ್ಯಿ. ಅಮೃತೂರು, ಊರ್ಡಿಗೆರೆ, ಗುಬ್ಬಿ, ಕುಣಿಗಲ್ ಎಲ್ಲ ಕಡೆಯ ನೆಂಟರ ಗೃಹಪ್ರವೇಶಕ್ಕೂ ನಾನು ಹೋಗಿ ಕೊಟ್ಟು ಬಂದವನು. ನಮ್ಮ ಮನೆಯಲ್ಲಿ ಮಾತ್ರ ಕಾರ್ಯವೇ ಆಗಿಲ್ಲ; ಮನೆ ಕಟ್ಟಿದರೆ ತಾನೆ ಗೃಹಪ್ರವೇಶ. ಬಾಡಿಗೆ ಮನೆಗೆ ಹೋಗುವಾಗಲೂ ನಮ್ಮವರು ಹಾಲು ಉಕ್ಕಿಸುತ್ತಾರೆ. ಹಾಸ್ಟೆಲ್ ರೂಮೂ ಒಂದು ಬಗೆಯ ಬಾಡಿಗೆ ಮನೆಯೇ, ಸ್ವಲ್ಪ ಚಿಕ್ಕದು. ಹಾಗಾದರೆ ಅದಕ್ಕೊಂದು ಗೃಹಪ್ರವೇಶ ಮಾಡಿದರೆ ತಪ್ಪೇನು? ಒಬ್ಬರು ಮಂಚ ತರುತ್ತಾರೆ, ಒಬ್ಬರು ಮೇಜು, ಒಬ್ಬರು ಬಕೆಟ್ಟು. ನನ್ನ ಬುದ್ಧಿಗೆ ನಾನೇ ಮೆಚ್ಚಿ ತಲೆದೂಗಿದೆ. ನಾನು ತೂಕಡಿಸುತ್ತಿದ್ದೇನೆಂದು ತಿಳಿದು ಪಕ್ಕದಲ್ಲಿದ್ದವನು ಸರಿದು ಕೂತ.

ಇಲ್ಲಿ ಒಂದು ಸಣ್ಣ ಸಂಗತಿ ಹೇಳಬೇಕು. ಈ ಇಪ್ಪತ್ತು ವರ್ಷವೂ ನಾನು ಎಲ್ಲರಿಗೂ ಕೊಟ್ಟದ್ದು ಒಂದೇ ವಸ್ತು: ಇಡ್ಲಿ ಪಾತ್ರೆ. ತುಮಕೂರಿನಲ್ಲಿ ನನ್ನ ಜೊತೆ ಓದಿದವನದೊಂದು ಪಾತ್ರೆ ಅಂಗಡಿಯಿದೆ. ಇಡ್ಲಿ ಪಾತ್ರೆಯಷ್ಟು ಮರ್ಯಾದೆ ಕಾಪಾಡುವ ಉಡುಗೊರೆ ಇನ್ನೊಂದಿಲ್ಲ ಎಂದು ಹೇಳಿಕೊಟ್ಟವನು ಅವನೇ. ಬಣ್ಣದ ಕಾಗದ ಸುತ್ತಿದರೆ ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡದಾಗಿ ಕಾಣುತ್ತದೆ, ಒಳಗಿರುವುದು ಬಹುಪಾಲು ಗಾಳಿ. ಮೇಲೆ ನಮ್ಮ ಹೆಸರನ್ನೂ ಕೊರೆದುಕೊಡುತ್ತಾನೆ. ನನ್ನ ಹೆಂಡತಿ ಸರೋಜ ಒಂದೆರಡು ಸಲ, "ಬೇರೆ ಏನಾದ್ರೂ ಕೊಡ್ರೀ, ಊರೋರೆಲ್ಲ ಬರೀ ಇಡ್ಲಿ ತಿಂತಾರಾ?" ಎಂದು ಆಕ್ಷೇಪಿಸಿದ್ದುಂಟು. ಒಳ್ಳೆಯ ಮಾತನ್ನು ಮನೆಯವರು ಹೇಳಿದರೆ ಯಾರು ಕೇಳುತ್ತಾರೆ.

ನೆಂಟರನ್ನು ಕರೆಯುವ ಕೆಲಸವನ್ನು ಅಮೃತೂರಿನ ನನ್ನ ಅಕ್ಕ ಗಿರಿಜಕ್ಕನಿಗೆ ಒಪ್ಪಿಸಿದೆ. ಯಾರು ಯಾರಿಗೆ ಏನು ಕೊಟ್ಟರು ಎಂಬುದು ಅವಳ ನಾಲಿಗೆಯ ತುದಿಯಲ್ಲಿದೆ.

"ಏನ್ಲಾ, ಹಾಸ್ಟೆಲ್ ರೂಮಿಗೆ ಯಾರ್ಲಾ ಗೃಹಪ್ರವೇಶ ಮಾಡ್ತಾರೆ? ಬುದ್ಧಿಗಿದ್ಧಿ ಐತಾ?" ಅಂದಳು ಫೋನಿನಲ್ಲಿ.

"ಹಾಲು ಉಕ್ಸೋದು ಅಷ್ಟೇ ಅಕ್ಕ. ಮಗು ಮೊದ್ಲ ಸಲ ಮನೆ ಬಿಟ್ಟು ಹೋಗ್ತಾ ಐತೆ. ರೂಮಲ್ಲಿ ಇನ್ನೂ ಏನೂ ಇಲ್ಲ. ಮಲ್ಗಕ್ಕೂ ಏನಿಲ್ಲ."

ಮಂಚ ಎಂಬ ಪದ ನನ್ನ ಬಾಯಿಯ ಒಳಗೇ ಎರಡು ಸುತ್ತು ಹೊಡೆದು ಅಲ್ಲೇ ಕೂತಿತು. ಕೇಳಿಬಿಟ್ಟರೆ ಅದು ಮುಯ್ಯಿಯಲ್ಲ, ಭಿಕ್ಷೆ. ಗಿರಿಜಕ್ಕ ಮಾತ್ರ ಕರಗಿಹೋದಳು. "ಬುಡು, ನೀನು ಎಲ್ರಿಗೂ ಕೊಟ್ಟವ್ನು. ಯಾರೂ ಕಮ್ಮಿ ಮಾಡ್ದಂಗೆ ನಾನು ನೋಡ್ಕೊತೀನಿ" ಅಂದಳು. ಅವಳು ಎಷ್ಟು ಚೆನ್ನಾಗಿ ನೋಡಿಕೊಂಡಳೆಂಬುದು ಆಮೇಲೆ ತಿಳಿಯಿತು.

ಇನ್ನು ವಾರ್ಡನ್ ಮೇಡಂ. ವಿಷಯ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಗೃಹಪ್ರವೇಶನಾ? ರೂಮ್ ನಂಬರ್ ಏಳಕ್ಕಾ?" ಎಂದು ಕೇಳಿದರು. ಬರೀ ಹಾಲು ಎಂದೆ. ಹಾಲು ಅಂದಮೇಲೆ ಬೇಡ ಅನ್ನಲು ಅವರಿಗೂ ಬಾಯಿ ಬರಲಿಲ್ಲ. "ಅಂಗಳದಲ್ಲಿ ಉಕ್ಸಿ. ಗಂಡಸ್ರು ಹತ್ತು ನಿಮಿಷ ಮೇಲ್ಗಡೆ ಬಂದು ನೋಡ್ಕೊಂಡು ಹೋಗ್ಲಿ. ಆದ್ರೆ ಸೋಮವಾರದ ಹೊತ್ಗೆ ಮಂಚ ಇರ್ಬೇಕು" ಎಂದು ಎಚ್ಚರಿಸಿದರು. "ಇರುತ್ತೆ ಮೇಡಂ, ಒಂದಲ್ಲ ಎರಡಿರುತ್ತೆ" ಎಂದೆ ನಾನು, ಬಾಯಿ ಸುಮ್ಮನಿರಲಾರದೆ.

ಭಾನುವಾರ ಬೆಳಿಗ್ಗೆ ಹಣೆತುಂಬ ವಿಭೂತಿ ಧರಿಸಿ ನಮ್ಮ ಬಳಗವೆಲ್ಲ ಹಾಸ್ಟೆಲಿನ ಅಂಗಳದಲ್ಲಿ ಸೇರಿತು. ಪೂರ್ವ ಯಾವುದು ಎಂಬ ಬಗ್ಗೆ ಸ್ವಲ್ಪ ಚರ್ಚೆಯಾಯಿತು. ಸೂರ್ಯ ಎದುರಿಗೇ ಇದ್ದರೂ ಊರ್ಡಿಗೆರೆಯ ರುದ್ರಣ್ಣ ಭಾವ ಫೋನಿನಲ್ಲಿ ನೋಡಿ ಖಚಿತಪಡಿಸಿದ. ಹಾಲು ಉಕ್ಕಿತು. ಹಲ್ಲುಜ್ಜುತ್ತ ನಿಂತಿದ್ದ ಹುಡುಗಿಯರೆಲ್ಲ ಮಹಡಿಯಿಂದ ಬಗ್ಗಿ ನೋಡಿದರು. ಚೈತ್ರಾ ಮುಖವನ್ನು ದುಪ್ಪಟ್ಟಾದಲ್ಲಿ ಅಡಗಿಸಿಕೊಂಡು ಬಾಗಿಲಿಗೆ ತೋರಣ ಕಟ್ಟಿಸಿಕೊಂಡಳು. ಆಮೇಲೆ ಎಲ್ಲರೂ ರೂಮಿಗೆ ಹೋಗಿ ಒಬ್ಬೊಬ್ಬರಾಗಿ ಬಣ್ಣದ ಕಾಗದದ ಪೊಟ್ಟಣ ಕೊಡತೊಡಗಿದರು. ಪೊಟ್ಟಣಗಳೆಲ್ಲ ಒಂದೇ ಗಾತ್ರ, ಎರಡು ಕೈಯಲ್ಲಿ ಹಿಡಿಯುವಷ್ಟು. ಮೂರನೆಯದು ಬಂದಾಗ ನಾನು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದೆ. ಗಿರಿಜಕ್ಕ ಹೆಮ್ಮೆಯಿಂದ ನನ್ನ ಕಿವಿಯಲ್ಲಿ ಹೇಳಿದಳು: "ನೀನು ಕೊಟ್ಟಿದ್ದು ಇಡ್ಲಿ ಪಾತ್ರೆ, ಅದಕ್ಕಿಂತ ಒಂದು ಗುಲಗಂಜಿ ಕಮ್ಮಿ ಮಾಡ್ಬೇಡಿ ಅಂತ ಎಲ್ರಿಗೂ ಹೇಳಿದೀನಿ ಕಣೋ. ನಿನ್ನ ಸ್ನೇಹಿತನ ಅಂಗ್ಡಿಲೇ ಒಟ್ಟಿಗೆ ತಗೊಂಡ್ವಿ. ಹೆಸರೂ ಹಾಕ್ಸಿದೀವಿ."

ಅಡುಗೆ ನಿಷೇಧಿಸಿದ ಆ ಕೋಣೆಯಲ್ಲಿ, ಕಿಟಕಿಯ ಕೆಳಗೆ, ಹನ್ನೊಂದು ಇಡ್ಲಿ ಪಾತ್ರೆಗಳು ಫಳಫಳ ಹೊಳೆಯುತ್ತ ಕೂತವು. ಇಡೀ ಹಾಸ್ಟೆಲಿಗೆ ಒಂದೇ ಒಬ್ಬೆಯಲ್ಲಿ ತಿಂಡಿ ಮಾಡಬಹುದಿತ್ತು. ಚೈತ್ರಾ ಪಾತ್ರೆ ನೋಡಿದಳು, ನನ್ನನ್ನು ನೋಡಿದಳು, ಕಿಟಕಿ ನೋಡಿದಳು. "ಅಪ್ಪ, ನಾಳೆ ಸೋಮವಾರ" ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡುವ ಕೆಲಸವಾದರೂ ಸಿಗುತ್ತಿತ್ತು.

ಆಗ ನಾನು, ಸರೋಜ, ಚೈತ್ರಾ ಮೂಲೆಯಲ್ಲಿ ಸಭೆ ಸೇರಿದೆವು. ಪಾತ್ರೆ ವಾಪಸು ಕೊಟ್ಟು ಮಂಚ ತರೋಣವೆಂದರೆ ಹೆಸರು ಕೊರೆದ ಪಾತ್ರೆಯನ್ನು ಅಂಗಡಿಯವನು ಮುಟ್ಟುವುದಿಲ್ಲ. ನೆಂಟರಿಗೆ ಹೇಳೋಣವೆಂದರೆ ನನ್ನ ಬಾಯಿ ಏಳುವುದಿಲ್ಲ. ಅಷ್ಟರಲ್ಲಿ ರುದ್ರಣ್ಣ ಭಾವ ಒಂದು ಪಾತ್ರೆಯನ್ನು ಬೋರಲು ಹಾಕಿ ಅದರ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಿದ್ದ. ಭಾವನ ತೂಕ ಸಾಮಾನ್ಯದ್ದಲ್ಲ. ಪಾತ್ರೆ ಮಿಸುಕಲಿಲ್ಲ. ನಾವೆಲ್ಲ ಅವನನ್ನೇ ನೋಡಿದೆವು. ಅವನು ಗಾಬರಿಯಾಗಿ, "ಯಾಕ್ರಪ್ಪ, ಕೂರ್ಬಾರ್ದಾಗಿತ್ತಾ?" ಅಂದ.

ಮುಂದಿನದು ಬೇಗ ಆಯಿತು. ಹಾಸ್ಟೆಲಿನ ಹಿತ್ತಿಲಿನಲ್ಲಿ ಬಚ್ಚಲುಮನೆಯ ಒಂದು ಹಳೆಯ ಬಾಗಿಲು ಬಿದ್ದಿತ್ತು. ಅಡುಗೆಮನೆಯವರನ್ನು ಕೇಳಿ ಅದನ್ನು ತಂದು ತೊಳೆದೆವು. ಪಾತ್ರೆಗಳನ್ನು ಬೋರಲು ಜೋಡಿಸಿ ಮೇಲೆ ಬಾಗಿಲು ಮಲಗಿಸಿದೆವು. ಗೇಣು ಎತ್ತರವಾದರೂ ಮಂಚ ಮಂಚವೇ. ತಲೆಯ ಕಡೆ ಚಿಲಕ ಹಾಗೆಯೇ ಉಳಿಯಿತು. ಇಡ್ಲಿ ತಟ್ಟೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಜೋಡಿಸಿದಾಗ ಒಂದೊಂದು ಗುಳಿಯೂ ಓಲೆ, ಪಿನ್ನು, ರಬ್ಬರು ಇಡಲು ಸರಿಹೋಯಿತು. ಮುಚ್ಚಳಗಳಲ್ಲಿ ಒಂದು ಕನ್ನಡಿಯಾಯಿತು. ಅದರಲ್ಲಿ ಎಲ್ಲರ ಮುಖವೂ ಗಿರಿಜಕ್ಕನ ಮುಖದ ಹಾಗೆ ಅಗಲವಾಗಿ ಕಾಣುತ್ತಿತ್ತು. ಅವಳು ಮಾತ್ರ "ನಾವು ಕೊಟ್ಟ ಪಾತ್ರೆನ ಈ ಥರ ಬೋರಲು ಹಾಕವ್ರಲ್ಲ" ಎಂದು ಮುನಿಸಿಕೊಂಡು ಅಮೃತೂರಿನ ಬಸ್ಸು ಹತ್ತಿದಳು.

ನಾನು ಊರಿಗೆ ಹೋಗಲಿಲ್ಲ. ಊರ್ಡಿಗೆರೆಯಲ್ಲಿ ಭಾವನ ಮನೆಯಲ್ಲಿ ಉಳಿದು ಸೋಮವಾರ ಮತ್ತೆ ಹಾಸ್ಟೆಲಿಗೆ ಬಂದೆ. ವಾರ್ಡನ್ ಮೇಡಂ ರೂಮಿಗೆ ಬಂದು ನಾಲ್ಕೂ ಕಡೆ ಕಣ್ಣಾಡಿಸಿ, ಹಾಸಿದ ದುಪ್ಪಟಿಯ ಮೇಲೆ ಕೂತರು. ಮಂಚ ಢಣ್ ಎಂದಿತು. ಅವರು ಎದ್ದರು. ಮತ್ತೆ ಢಣ್. ದುಪ್ಪಟಿ ಎತ್ತಿ ನೋಡಿದರು.

"ಇದೇನಮ್ಮ?"

"ಮಂಚ, ಮೇಡಂ" ಅಂದಳು ಚೈತ್ರಾ.

"ರೂಮಲ್ಲಿ ಅಡುಗೆ ಮಾಡಂಗಿಲ್ಲ ಅಂತ ಹೇಳಿರ್ಲಿಲ್ವಾ?"

"ಅಡುಗೆ ಮಾಡ್ತಿಲ್ಲ ಮೇಡಂ. ಮಲಗ್ತಿದೀನಿ."

ನನ್ನ ಎದೆಯೂ ಢಣ್ ಢಣ್ ಅನ್ನುತ್ತಿತ್ತು. ಮೇಡಂ ಮೊಣಕಾಲೂರಿ ಬಗ್ಗಿದರು. ಪಾತ್ರೆಗಳು ಬೋರಲಾಗಿದ್ದುದರಿಂದ ಅವುಗಳ ಮೇಲಿನ ಹೆಸರುಗಳೂ ತಲೆಕೆಳಗಾಗಿದ್ದವು. ಅವರು ಕತ್ತನ್ನು ಓರೆ ಮಾಡಿ, ಇನ್ನಷ್ಟು ಓರೆ ಮಾಡಿ, ಕೊನೆಗೆ ಹೆಚ್ಚೂಕಡಿಮೆ ತಲೆಯನ್ನೇ ನೆಲಕ್ಕೆ ತಾಗಿಸಿ ಒಂದೊಂದನ್ನೇ ಓದಿದರು. ಒಂದು ಪಾತ್ರೆಯ ಬಳಿ ಓದು ನಿಲ್ಲಿಸಿದರು. "ಊರ್ಡಿಗೆರೆ ರುದ್ರಣ್ಣ ಅಂದ್ರೆ ಸೊಸೈಟಿ ಪಕ್ಕದ ಮನೆಯವ್ರಾ?"

"ಹೌದು ಮೇಡಂ, ನನ್ನ ಭಾವ" ಎಂದೆ.

"ಅವ್ರ ತಂಗೀನ ನಮ್ಮ ದೊಡ್ಡಮ್ಮನ ಮಗನಿಗೇ ಕೊಟ್ಟಿರೋದು. ಮೊದ್ಲೇ ಹೇಳ್ಬಾರ್ದಾ?" ಎಂದರು, ತಲೆಕೆಳಗಾಗಿಯೇ.

ಎದ್ದು ಸೀರೆ ಕೊಡವಿಕೊಂಡಾಗ ಅವರು ವಾರ್ಡನ್ ಆಗಿರಲಿಲ್ಲ, ನೆಂಟರಾಗಿದ್ದರು. "ನೆಲದ ಮೇಲಂತೂ ಮಲಗ್ತಿಲ್ಲ. ಇರ್ಲಿ" ಎಂದು ರೂಮು ಉಳಿಸಿಕೊಟ್ಟರು. ಚೈತ್ರಾ ಹೋಗಿ ಕಿಟಕಿ ತೆರೆದಳು. ನಾನು ಸಂತೋಷ ತಾಳಲಾರದೆ ಮಂಚದ ಮೇಲೆ ಕೂತು ಇನ್ನೊಮ್ಮೆ ಸದ್ದು ಮಾಡಿದೆ. ಹೊರಡುವಾಗ ಮೇಡಂ, "ಮುಂದಿನ ತಿಂಗಳು ಕುಣಿಗಲ್ಲಲ್ಲಿ ನಮ್ಮ ಮನೆ ಗೃಹಪ್ರವೇಶ. ನೆಂಟ್ರು ಅಂದ್ಮೇಲೆ ಬರ್ಲೇಬೇಕು" ಅಂದರು.

ಸಂಬಳ ಬಂತು, ಗೃಹಪ್ರವೇಶವೂ ಬಂತು. ಮಗಳ ರೂಮು ಉಳಿಸಿದ ದೇವತೆಗೆ ಇಡ್ಲಿ ಪಾತ್ರೆ ಕೊಡುವುದೇ? ನಾನು ಕೊಡುವುದು ನನಗೇ ತಿರುಗಿ ಬರುತ್ತದೆಂಬ ಪಾಠ ಬೇರೆ ಕಲಿತಿದ್ದೆ. ತುಮಕೂರಿಗೆ ಹೋಗಿ ಒಳ್ಳೆಯ ಗಟ್ಟಿಮುಟ್ಟಾದ ಮಡಚುವ ಮಂಚ ಕೊಂಡು ಲಗೇಜ್ ಆಟೋಗೆ ಹೇರಿಸಿದೆ. ಜೊತೆಗೆ ಬಂದಿದ್ದ ಸರೋಜ ಅದನ್ನು ನೋಡಿ ಹೇಳಿದಳು: "ಮಗಳಿಗೆ ಮಂಚ ತಗೊಳಕ್ಕಾಗ್ದೋರು ವಾರ್ಡನ್ನಿಗೆ ಮಂಚ ತಗೊಂಡು ಹೊಂಟವ್ರೆ." ಆಟೋದವನು ನಕ್ಕ. ನನಗೆ ನಗು ಬರಲಿಲ್ಲ. ಮಾತು ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತ್ತು. ಕುಣಿಗಲ್ ರಸ್ತೆಗೆ ಹೋಗಬೇಕಾದ ಆಟೋವನ್ನು ಹಾಸ್ಟೆಲಿಗೆ ತಿರುಗಿಸಿದೆ.

ಚೈತ್ರಾ ಮಂಚವನ್ನು ನೋಡಿ ಮೂಗು ಮುರಿದಳು. "ಇಂಥದ್ದು ಎಲ್ರ ರೂಮಲ್ಲೂ ಐತಪ್ಪ. ನನ್ನ ಮಂಚ ನೋಡಕ್ಕೆ ಬೇರೆ ಹಾಸ್ಟೆಲಿಂದ ಬರ್ತಾರೆ" ಅಂದಳು. ಬಾಗಿಲಿನ ತುದಿ ಎತ್ತಿ ಒಂದು ಪಾತ್ರೆ ಓರೆ ಮಾಡಿ ತೋರಿಸಿದಳು, ಅಡಿಯಲ್ಲಿ ನಿಪ್ಪಟ್ಟು. ಇನ್ನೊಂದರ ಅಡಿಯಲ್ಲಿ ಕೊಬ್ಬರಿ ಮಿಠಾಯಿ. ಇಡೀ ಮಹಡಿಯ ಹುಡುಗಿಯರ ತಿಂಡಿ ಅಲ್ಲಿ ಅಡಗಿತ್ತು. "ಮೇಡಂ ನಿನ್ನೆ ಕೇಳಿದ್ರು, ನಿಮ್ಮನೇಲಿ ಗೃಹಪ್ರವೇಶಕ್ಕೆ ಇಡ್ಲಿ ಪಾತ್ರೆ ಕೊಡ್ತೀರಂತಲ್ಲ, ಅಂತ. ಆಸೆಯಿಂದ ಕಾಯ್ತಾವ್ರೆ. ಅದನ್ನೇ ಕೊಡಪ್ಪ."

ಅದನ್ನೇ ಕೊಟ್ಟೆ. ಸ್ನೇಹಿತನ ಅಂಗಡಿಗೆ ಹೋದಾಗ ಅವನು ಏನು ಬೇಕೆಂದು ಕೇಳಲೇ ಇಲ್ಲ, ಹೆಸರು ಕೊರೆಯಲು ಕೂತ. ಮಂಚ ಸಿ.ಎಸ್. ಪುರಕ್ಕೆ ಬಂತು. ಟಿ.ವಿ.ಗೂ ಫ್ರಿಜ್ಜಿಗೂ ನಡುವೆ, ಖಾಲಿಯಾಗಿದ್ದ ಜಾಗದಲ್ಲಿ, ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಮಧ್ಯಾಹ್ನ ಅದರ ಮೇಲೆ ಮಲಗಿ ನೋಡಿದೆ. ಒಳ್ಳೆಯ ಮಂಚ. ಎಡಕ್ಕೆ ಹೊರಳಿದರೂ ಸದ್ದಿಲ್ಲ, ಬಲಕ್ಕೆ ಹೊರಳಿದರೂ ಸದ್ದಿಲ್ಲ. ಮನೆಯಲ್ಲಿಯೂ ಸದ್ದಿಲ್ಲ. ಮಗಳಿಲ್ಲದ ಮನೆ ಇಷ್ಟು ತಣ್ಣಗಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಾಗಿರಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಗಿರಿಜಕ್ಕ. "ಏನ್ಲಾ, ಹೊಸ ಮಂಚ ತಗೊಂಡ್ಯಂತೆ. ನಮಗೊಂದು ಮಾತು ಹೇಳ್ಬಾರ್ದಾ? ಪೂಜೆ ಯಾವತ್ತು ಇಟ್ಕೊಂಡಿದೀಯ? ನಾವು ಬರಿಗೈಲಿ ಬರೋ ಜನ ಅಲ್ಲಪ್ಪ."

ಛೆ, ಮಂಚಕ್ಕೆಲ್ಲ ಯಾರಾದರೂ ಪೂಜೆ ಇಟ್ಟುಕೊಳ್ಳುತ್ತಾರೆಯೇ ಎಂದು ಹೇಳಲು ಬಾಯಿ ತೆರೆದೆ. ಆದರೆ ಪೂಜೆಯೆಂದರೆ ಚೈತ್ರಾ ಎರಡು ದಿನ ರಜೆ ಹಾಕಿ ಬರುತ್ತಾಳೆ. "ಯಾವ ಭಾನುವಾರ ಆಗುತ್ತೆ ನೋಡಕ್ಕ" ಎನ್ನುತ್ತ, ಇನ್ನೊಂದು ಕೈಯಲ್ಲಿ ಆಗಲೇ ಗೋಡೆಯ ಕ್ಯಾಲೆಂಡರ್ ಇಳಿಸುತ್ತಿದ್ದೆ.