ಪಿತೃಸ್ಥಾನದಲ್ಲಿ ಕೂತವನ ತೂಕ

ಮೈ ಬಂದವರೆಲ್ಲರ ಹತ್ತಿರವೂ ಒಂದೊಂದು ನೆಪ ಇರುತ್ತದೆ. ಕೆಲವರಿಗೆ ಥೈರಾಯ್ಡು, ಕೆಲವರಿಗೆ ವಂಶದಿಂದ ಬಂದದ್ದು, ಇನ್ನು ಕೆಲವರಿಗೆ ದಿನವಿಡೀ ಕುರ್ಚಿ ಬಿಡದ ಕೆಲಸ. ನನ್ನ ನೆಪ ಮಾತ್ರ ಯಾವ ಡಾಕ್ಟರರ ಪುಸ್ತಕದಲ್ಲೂ ಸಿಗಲಾರದು. ನನ್ನ ಮೈಮೇಲಿರುವ ತೂಕದಲ್ಲಿ ಅರ್ಧದಷ್ಟು ನನ್ನದಲ್ಲ, ಸತ್ತವರದು. ಇದನ್ನು ಕೇಳಿ ನಗುವವರು ನಗಲಿ. ನಾನೂ ಮೊದಮೊದಲು ನಗುತ್ತಲೇ ಹೇಳುತ್ತಿದ್ದೆ. ಈಗ ಹೇಳುವಾಗ ಒಮ್ಮೆ ಹಿಂದೆ ತಿರುಗಿ ನೋಡಿಕೊಳ್ಳುತ್ತೇನೆ, ಅಷ್ಟೇ ವ್ಯತ್ಯಾಸ.

ನಾನು ಸೇಡಂನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ವೈಷ್ಣವರ ಮನೆಯಲ್ಲಿ ಹುಟ್ಟಿದವನು. ನಮ್ಮ ಮನೆಗಳಲ್ಲಿ ಹಿರಿಯರ ಶ್ರಾದ್ಧದ ದಿನ ಒಬ್ಬ ಬ್ರಾಹ್ಮಣನನ್ನು ಪಿತೃಸ್ಥಾನದಲ್ಲಿ, ಅಂದರೆ ಸತ್ತವರ ಜಾಗದಲ್ಲಿ ಕೂಡಿಸಿ ಊಟಕ್ಕೆ ಬಡಿಸುತ್ತಾರೆ. ಅವನು ಉಂಡದ್ದು ಸತ್ತವರಿಗೆ ಮುಟ್ಟುತ್ತದೆ ಎಂಬುದು ನಂಬಿಕೆ. ಹೀಗೆ ಕೂಡುವವರು ಈಗ ಈ ಕಡೆ ಸಿಗುವುದೇ ಕಷ್ಟ. ಚಿತ್ತಾಪುರದಲ್ಲಿದ್ದ ಒಬ್ಬರಿಗೆ ಹೊಟ್ಟೆಯಲ್ಲಿ ಹುಣ್ಣು, ಶಹಾಬಾದಿನವರಿಗೆ ಮಂಡಿ ಮಡಚಲು ಬಾರದು, ಉಳಿದವರಿಗೆ ಒಳಗೊಳಗೇ ಹೆದರಿಕೆ. ನನಗೆ ಚಕ್ಕಳಮಕ್ಕಳ ಹಾಕಿ ಕೂಡಲು ಬರುತ್ತದೆ, ಭಾನುವಾರ ರಜೆ ಇರುತ್ತದೆ, ಮತ್ತು ಬಡಿಸಲು ಬಂದವರಿಗೆ ಬೇಡ ಅನ್ನಲು ಬಾರದು. ಇಷ್ಟು ಅರ್ಹತೆ ಸಾಲದೆ? ನಮ್ಮ ಪುರೋಹಿತರಾದ ಆಚಾರ್ರಂತೂ, “ಮಾಸ್ತರ್, ನೀವು ಎಲಿ ಮುಂದ ಕೂತ್ರ ಪಿತೃಗಳಿಗೆ ಖರೇನೇ ಹೊಟ್ಟಿ ತುಂಬಿಧಂಗ ಕಾಣ್ತದ್ರಿ” ಎಂದು ಎಲ್ಲರ ಮುಂದೆ ಹೇಳುತ್ತಿದ್ದರು. ಅದನ್ನು ಹೊಗಳಿಕೆ ಎಂದು ಬಹಳ ದಿನ ತಿಳಿದಿದ್ದೆ.

ಈ ಊಟಕ್ಕೆ ಕಟ್ಟುನಿಟ್ಟಾದ ನೇಮಗಳಿವೆ. ಉಣ್ಣುವಾಗ ಮಾತಾಡುವಂತಿಲ್ಲ. ರುಚಿಯಾಗಿದೆ ಎನ್ನುವಂತಿಲ್ಲ, ಉಪ್ಪು ಕಡಿಮೆ ಎನ್ನುವಂತಿಲ್ಲ. ಸಾಕು ಎನ್ನಬೇಕಾದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು. ಬಡಿಸುವವರು ಅದನ್ನು ಸಂಕೋಚ ಎಂದು ತಿಳಿದು ಬೆರಳುಗಳ ಸಂದಿಯಿಂದಲೇ ಇನ್ನೊಂದು ವಡೆ ಇಳಿಸುತ್ತಾರೆ. ಉಂಡ ಮೇಲೆ ಆ ದಿನ ಮತ್ತೆ ಉಣ್ಣುವಂತಿಲ್ಲ. ಇದನ್ನು ಕೇಳಿದರೆ ತೂಕ ಇಳಿಸುವವರಿಗೆ ಹೇಳಿ ಮಾಡಿಸಿದ ನೇಮ ಎನಿಸುತ್ತದೆ. ಆದರೆ ಅದರ ಬೆನ್ನಿಗೇ ಇನ್ನೆರಡಿವೆ: ಆ ದಿನ ದೂರ ನಡೆಯಬಾರದು, ಭಾರ ಎತ್ತಬಾರದು. ಹೀಗೆ ಒಂದು ಕೈಯಿಂದ ಕೊಟ್ಟ ಪಥ್ಯವನ್ನು ಶಾಸ್ತ್ರ ಇನ್ನೊಂದು ಕೈಯಿಂದ ಕಸಿದುಕೊಳ್ಳುತ್ತದೆ.

ಸಕ್ಕರೆ ಕಾಯಿಲೆ ಬಂದಿದೆ ಎಂದು ಗೊತ್ತಾದದ್ದು ಮೊಣಕಾಲು ನೋವಿಗೆ ತೋರಿಸಲು ಹೋದಾಗ. ನಮ್ಮ ಡಾಕ್ಟರ್ ಸಾಹೇಬರು ಊರಿನ ಹಳೆಯ ಮುಸ್ಲಿಂ ಮನೆತನದವರು, ಅವರ ಮಗಳು ನನ್ನ ವಿದ್ಯಾರ್ಥಿನಿ. ನಾನು ಏನೇನು ಉಣ್ಣುತ್ತೇನೆ ಎಂದು ಅವರು ಕೇಳಿದರು. ಜೋಳದ ರೊಟ್ಟಿ ಎಂದೆ. ಅದರ ಜೊತೆ ಶೇಂಗಾ ಹಿಂಡಿ, ಆ ಚಟ್ನಿಪುಡಿಯ ಮೇಲೆ ಎಣ್ಣೆ ಎಂಬುದನ್ನು ಹೇಳಲಿಲ್ಲ. ದೊಡ್ಡ ಊರುಗಳಲ್ಲಿ ಜನ ತೆಳ್ಳಗಾಗಲು ಈಗ ಜೋಳದ ರೊಟ್ಟಿ ಹುಡುಕಿಕೊಂಡು ಹೋಗುತ್ತಾರಂತೆ. ನಾವು ಹಲ್ಲು ಬಂದಾಗಿನಿಂದ ಅದನ್ನೇ ತಿನ್ನುತ್ತಿದ್ದೇವೆ, ಆ ತೆಳ್ಳಗಾಗುವ ಗುಣ ನಮ್ಮ ತಾಲ್ಲೂಕು ದಾಟಿದ ಮೇಲೆಯೇ ಅದಕ್ಕೆ ಬರುತ್ತದೇನೋ. ಕೊನೆಗೆ ಶ್ರಾದ್ಧದ ಊಟದ ವಿಷಯ ಬಂತು. ಸಾಹೇಬರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

“ಮಾಸ್ತರ್ ಸಾಬ್, ಸತ್ತವರ ಊಟ ನೀವು ಉಣ್ಣಾಕತ್ತೀರಿ. ಹಿಂಗೇ ನಡದ್ರ ಜಲ್ದೀನೇ ನಿಮ್ಮ ಊಟ ಉಣ್ಣಾಕ ಒಬ್ಬರನ್ನ ಹುಡುಕಬೇಕಾಗ್ತದ, ನೋಡ್ರಿ” ಎಂದರು. ಅವರು ನಗಲಿಲ್ಲ.

ತೂಕದ ಯಂತ್ರ ಮನೆಗೆ ಬಂತು. ನಮ್ಮ ಮನೆಯ ನೆಲಕ್ಕೆ ಹಾಸಿರುವುದು ಶಹಾಬಾದಿ ಕಲ್ಲು, ಅಜ್ಜನ ಕಾಲದ್ದು. ಒಂದು ಎದ್ದಿದೆ, ಒಂದು ಕುಸಿದಿದೆ. ಹೀಗಾಗಿ ಒಂದೊಂದು ಕಲ್ಲಿನ ಮೇಲೆ ಯಂತ್ರ ಒಂದೊಂದು ತೂಕ ತೋರಿಸುತ್ತಿತ್ತು. ದೇವರ ಕೋಣೆಯ ಹೊಸ್ತಿಲಿನ ಪಕ್ಕದ ಕಲ್ಲು ಎಲ್ಲಕ್ಕಿಂತ ದಯಾಳು ಎಂದು ಕಂಡುಹಿಡಿದು ನಾನು ಅಲ್ಲೇ ನಿಲ್ಲುತ್ತಿದ್ದೆ. ನನ್ನ ಹೆಂಡತಿ ಸುಧಾ ಅಡುಗೆಮನೆಯ ಬಾಗಿಲಿನ ಕಲ್ಲನ್ನಷ್ಟೇ ನಂಬುತ್ತಿದ್ದಳು. ಒಂದು ಭಾನುವಾರ ದಂಡೋತಿಯಲ್ಲಿ ಒಬ್ಬರ ತಂದೆಯ ಶ್ರಾದ್ಧಕ್ಕೆ ಕೂತು ಬಂದು ಯಂತ್ರದ ಮೇಲೆ ಹತ್ತಿ ಇಳಿದೆ. ನಾನು ಇಳಿದ ಮೇಲೂ ಮುಳ್ಳು ಸೊನ್ನೆಗೆ ಮರಳಲಿಲ್ಲ. ಇನ್ನೂ ಯಾರೋ ನಿಂತಿದ್ದಾರೆ ಎನ್ನುವಂತೆ ಸ್ವಲ್ಪ ಹೊತ್ತು ಅಲ್ಲೇ ನಡುಗಿ, ಆಮೇಲೆ ನಿಧಾನವಾಗಿ ಹಿಂದೆ ಬಂತು. ಸ್ಪ್ರಿಂಗ್ ಸಡಿಲಾಗಿರಬೇಕು ಎಂದು ವಿಜ್ಞಾನದ ಮಾಸ್ತರನಾಗಿ ನನಗೆ ನಾನೇ ಪಾಠ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಎದ್ದವನಿಗೆ ಹಸಿಮೆಣಸಿನಕಾಯಿ ತಿನ್ನಬೇಕು ಎನಿಸಿತು. ನನಗೆ ಖಾರ ಆಗದು. ಆದರೂ ಬುಟ್ಟಿಯಿಂದ ತೆಗೆದು ತೆಗೆದು ಕಚ್ಚಿ ತಿಂದೆ, ಕಣ್ಣಲ್ಲಿ ಒಂದು ಹನಿ ನೀರೂ ಬರಲಿಲ್ಲ. ದಂಡೋತಿಯ ಆ ಹಿರಿಯರು ಹಸಿಮೆಣಸಿನಕಾಯಿ ಇಲ್ಲದೆ ರೊಟ್ಟಿ ಮುರಿಯುತ್ತಿರಲಿಲ್ಲ ಎಂದು ಆಚಾರ್ರಿಂದ ತಿಳಿದದ್ದು ಆಮೇಲೆ. ಇನ್ನೊಮ್ಮೆ ಚಿತ್ತಾಪುರದಲ್ಲಿ ಒಬ್ಬ ಮುದುಕಿಯ ಶ್ರಾದ್ಧ ಉಂಡು ಬಂದೆ. ಎಲೆ ಅಡಿಕೆಯ ಅಭ್ಯಾಸವೇ ಇಲ್ಲದ ನಾನು ಸಂಜೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಎಲೆಯ ತೊಟ್ಟು ಮುರಿದು, ಅದರ ಬೆನ್ನಿಗೆ ಸುಣ್ಣ ಸವರುತ್ತಿದ್ದೆನಂತೆ. ಸುಧಾ ಬಾಗಿಲಲ್ಲೇ ನಿಂತು ನೋಡಿದಳು. ಹತ್ತಿರ ಬರಲಿಲ್ಲ. “ಇವತ್ತ ಯಾರಾಗಿ ಬಂದೀರಿ?” ಎಂದು ಮೆಲ್ಲಗೆ ಕೇಳಿದಳು. ತಮಾಷೆಗೆ ಕೇಳಿದ್ದರೆ ಉತ್ತರ ಕೊಡುತ್ತಿದ್ದೆ. ಅವತ್ತೇ ಅವಳು ನನ್ನಿಂದ ಮಾತು ತೆಗೆದುಕೊಂಡಳು: ಇನ್ನು ಮೇಲೆ ಯಾರ ಜಾಗದಲ್ಲೂ ಕೂಡುವುದಿಲ್ಲ, ಉಂಡರೆ ನಮ್ಮ ಮನೆಯಲ್ಲಿ, ನಮ್ಮ ಹೊಟ್ಟೆಗೆ, ಅಳತೆ ಮಾಡಿ.

ಮಾತು ಉಳಿಸಿಕೊಂಡೆ. ಅದಕ್ಕೆ ನೆರವಾದವರು ಗುಂಡೇರಾಯರು. ಸಿಮೆಂಟ್ ಕಾರ್ಖಾನೆಯೊಂದರ ಆಫೀಸಿನಿಂದ ನಿವೃತ್ತರಾದವರು, ನಮ್ಮ ಓಣಿಯ ಕೊನೆಯ ಮನೆ. ಡಾಕ್ಟರ್ ಸಾಹೇಬರು ಅವರಿಗೂ ಸಿಹಿ, ಕರಿದದ್ದು ಎಲ್ಲ ಬಂದ್ ಮಾಡಿದ್ದರು. ಬೆಳಿಗ್ಗೆ ನಾವಿಬ್ಬರೂ ಕಾಗಿಣಾ ಹೊಳೆಯ ಕಡೆಗೆ ನಡೆಯಲು ಹೋಗುತ್ತಿದ್ದೆವು. ಆ ಹೊತ್ತಿಗೆ ಕಾರ್ಖಾನೆಗಳ ಧೂಳು ಮಂಜಿನ ಜೊತೆ ಸೇರಿ ಕೆಳಗಿಳಿದು ಗಿಡ, ಗೋಡೆ, ಎಮ್ಮೆಯ ಬೆನ್ನು ಎಲ್ಲ ಬೂದಿ ಬಣ್ಣಕ್ಕೆ ತಿರುಗಿರುತ್ತಿದ್ದವು. ದೂರದಿಂದ ಬರುವವರು ಮನುಷ್ಯರೋ ಗಿಡಗಳೋ ಗೊತ್ತಾಗುತ್ತಿರಲಿಲ್ಲ. ರಾಯರು ಎಡಗಾಲಿನ ಚಪ್ಪಲಿ ಎಳೆದು ನಡೆಯುತ್ತಿದ್ದರು. ದಾರಿಯುದ್ದಕ್ಕೂ ತಿನ್ನುವ ಮಾತೇ ಆಡುತ್ತಿದ್ದರು. ಪಥ್ಯದಲ್ಲಿರುವ ಇಬ್ಬರು ಸೇರಿದರೆ ಬೇರೆ ಯಾವ ವಿಷಯಕ್ಕೂ ಬೆಲೆ ಇರುವುದಿಲ್ಲ. “ಉದ್ದಿನ ವಡಿ ಪಾಯಸದಾಗ ಮುರದು ಹಾಕಿ ಕಲಸಿ ಉಣ್ಣಬೇಕ್ರಿ ಮಾಸ್ತರ್. ನಮ್ಮಾಕಿ ಬೈತಾಳ, ಆದ್ರೂ ಹಂಗೇ ಉಣ್ಣಬೇಕು” ಎನ್ನುತ್ತಿದ್ದರು. ಪಾಯಸದಲ್ಲಿ ವಡೆ ಎಂದರೆ ನನಗೆ ವಾಕರಿಕೆ. ಅವರು ತೆಳ್ಳಗಾದರು, ಊರೆಲ್ಲ ಹೊಗಳಿತು. ಒಂದು ಬೆಳಿಗ್ಗೆ ಅವರ ಮನೆಯ ಮುಂದೆ ನಿಂತು ಕರೆದೆ. ಒಳಗಿನಿಂದ ಅಳು ಕೇಳಿಸಿತು. ಮಲಗಿದವರು ಎದ್ದಿರಲಿಲ್ಲ.

ಆಮೇಲೆ ನಾನೊಬ್ಬನೇ ನಡೆದೆ. ಆದರೆ ಚಪ್ಪಲಿ ಎಳೆಯುವ ಸದ್ದು ನಿಲ್ಲಲಿಲ್ಲ. ನಾನು ನಿಂತರೆ ಅದು ಇನ್ನೊಂದು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಿತ್ತು. ಹೊಳೆಯ ಸೇತುವೆಯ ಗೋಡೆಗೆ ಬಡಿದ ನನ್ನದೇ ಹೆಜ್ಜೆಯ ಪ್ರತಿಧ್ವನಿ ಇರಬೇಕು, ಒಂಬತ್ತನೇ ತರಗತಿಗೆ ನಾನೇ ಕಲಿಸುವ ಪಾಠ. ಸೇತುವೆ ಇನ್ನೂ ಅಷ್ಟು ದೂರ ಇರುವಾಗಲೇ ಅದು ಹೇಗೆ ಕೇಳಿಸುತ್ತದೆ ಎಂದು ಮಕ್ಕಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಲಿಲ್ಲ. ಜೊತೆಗೆ ಇದ್ದಾರಲ್ಲ ಎನಿಸುತ್ತಿತ್ತು. ಅದನ್ನು ಯೋಚಿಸಿದಾಗ ಮಾತ್ರ ಹೆದರಿಕೆಯಾಗುತ್ತಿತ್ತು.

ವರ್ಷ ತುಂಬಲು ಬಂದಾಗ ರಾಯರ ಹೆಂಡತಿ ಇಂದಿರಾಬಾಯಿ ನಮ್ಮ ಮನೆಗೆ ಬಂದರು. ನಾನು ಅವರನ್ನು ಅತ್ತಿಗೆ ಎನ್ನುವ ಸಲುಗೆಯಲ್ಲಿ ವೈನಿ ಎಂದು ಕರೆಯುವುದು. ಶ್ರಾದ್ಧಕ್ಕೆ ಕೂಡಬೇಕಾದವರಿಗೆ ಜ್ವರ ಬಂದಿದೆಯಂತೆ, ಬೇರೆ ಯಾರೂ ಸಿಕ್ಕಿಲ್ಲ. “ನೀವೇ ಕೂಡ್ಬೇಕ್ರಿ” ಎಂದರು. ನಾನು ಸುಧಾಳ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

“ಹೋದ ವರ್ಷ ದೀಪಾವಳಿಗೆ ಉಂಡಿ ಮಾಡಿದ್ದೆ. ಅವರ ಕೈಗೆ ಸಿಗಬಾರದಂತ ಡಬ್ಬಿ ಅಟ್ಟದ ಮ್ಯಾಲ ಇಟ್ಟೆ” ಎಂದರು ವೈನಿ, ನಮ್ಮಿಬ್ಬರಲ್ಲಿ ಯಾರಿಗೂ ಅಲ್ಲದ ಹಾಗೆ. “ಒಂದೇ ಒಂದು ಕೇಳಿದ್ರು, ಸಣ್ಣ ಹುಡುಗರ ಗತೆ. ಸಂಕ್ರಮಣಕ್ಕ ಕೊಡ್ತೀನಿ ಅಂದೆ. ಸಂಕ್ರಮಣ ಬರೂದ್ರಾಗ ಹೋಗೇ ಬಿಟ್ರು. ಅವರು ಹಸದು ಹೋಗ್ಯಾರ್ರಿ. ನಿಮ್ಮ ಜೋಡಿ ದಿನಾ ನಡೀತಿದ್ರು, ನೀವು ಕೂತ್ರ ಬರ್ತಾರ.”

ಅವರನ್ನು ಬಾಗಿಲ ತನಕ ಕಳಿಸಿ ಸುಧಾ ಒಳಗೆ ಬಂದಳು. ಆಮೇಲೆ, “ಹೋಗ್ರಿ. ಆದ್ರ ಒಂದೊಂದೇ ತುತ್ತು. ನನಗ ನೀವು ಬೇಕು” ಎಂದಳು. ಮದುವೆಯಾದಾಗಿನಿಂದ ಅವಳು ಇಷ್ಟು ನೇರವಾಗಿ ಹೇಳಿದ್ದು ಅದೇ ಮೊದಲು. ಒಂದೊಂದೇ ತುತ್ತು ಎಂದು ಒಪ್ಪಿಕೊಂಡೆ.

ಆಚಾರ್ರಿಗೆ ಇದು ಸರಿಬರಲಿಲ್ಲ. “ಗೆಳ್ಯಾರನ್ನ ಪಿತೃಸ್ಥಾನಕ್ಕ ಕೂಡಸಬಾರದಂತ ಅದ್ರಿ. ಆದ್ರ ಏನ್ಮಾಡೋದು, ಮಂದಿ ಇಲ್ಲ” ಎಂದು ಗೊಣಗಿದರು. ಯಾಕೆ ಕೂಡಿಸಬಾರದು ಎಂದು ನಾನು ಕೇಳಲಿಲ್ಲ. ನಡು ಮಧ್ಯಾಹ್ನ, ಚಳಿಗಾಲದಲ್ಲೂ ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಒಳಗೆ ತಂಪಾದ ಕಲ್ಲಿನ ನೆಲ. ರಾಯರ ಮಗ ಪ್ರಸನ್ನ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರ, ನನ್ನನ್ನು ಕಾಕಾ ಎಂದು ಕರೆಯುವ ಹುಡುಗ. ನನ್ನ ಕಾಲು ತೊಳೆದು, ಕೈಗೆ ದರ್ಭೆ ಕೊಟ್ಟು, ತಂದೆಯ ಗೋತ್ರ ಹೆಸರು ಹೇಳಿ, ಬಂದು ಕೂಡಬೇಕು ಎಂದು ಪ್ರಾರ್ಥಿಸಿದ. ಹೇಳುವಾಗ ನನ್ನ ಮುಖ ನೋಡುತ್ತಿದ್ದ. ಮಂತ್ರ ಮುಗಿಯುವ ಹೊತ್ತಿಗೆ ಅವನ ನೋಟ ಬದಲಾಯಿತು, ತಲೆ ತಗ್ಗಿಸಿದ. ಹೊರಗೆ ಕಟ್ಟೆಯ ಹತ್ತಿರ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಯಾರೂ ಒಳಗೆ ಬರಲಿಲ್ಲ.

ಎಲೆ ತುಂಬಿತು. ಅತ್ರಸ, ಎಳ್ಳುಂಡಿ, ವಡೆ, ಪಾಯಸ, ಹಾಗಲಕಾಯಿ ಗೊಜ್ಜು, ಅನ್ನದ ಮೇಲೆ ತುಪ್ಪ. ನಾನು ಮನಸ್ಸಿನಲ್ಲೇ ಒಂದೊಂದು ತುತ್ತಿನ ಅಳತೆ ಹಾಕಿಕೊಂಡೆ. ಆದರೆ ಹಸಿವು ಹೊಟ್ಟೆಯಿಂದ ಶುರುವಾಗಲಿಲ್ಲ, ಕೈಯಿಂದ ಶುರುವಾಯಿತು. ನೋಡುತ್ತಿದ್ದಂತೆ ನನ್ನ ಬೆರಳುಗಳು ವಡೆಯನ್ನು ಮುರಿದು ಪಾಯಸಕ್ಕೆ ಹಾಕಿ ಕಲಸುತ್ತಿದ್ದವು. ನಾನು ಮಾತಾಡುವಂತಿರಲಿಲ್ಲ. ಕೈ ನಿಲ್ಲಿಸಲು ನೋಡಿದೆ, ಅದು ನನ್ನ ಮಾತು ಕೇಳುವ ಕೈ ಆಗಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವೈನಿ ಸೆರಗು ಬಾಯಿಗೆ ಒತ್ತಿಕೊಂಡರು. “ಹಾಕು ಪ್ರಸನ್ನ, ಇನ್ನೂ ಹಾಕು” ಎಂದರು. ಪ್ರಸನ್ನ ಹಾಕಿದ. ಎಲೆ ಖಾಲಿಯಾಯಿತು. ಮತ್ತೆ ಹಾಕಿದ. ರುಚಿ ನಾಲಿಗೆಗೆ ತಿಳಿಯುತ್ತಿತ್ತು, ಆದರೆ ಗಂಟಲು ದಾಟಿದ್ದು ಎಲ್ಲಿ ಹೋಗುತ್ತಿದೆಯೋ ತಿಳಿಯುತ್ತಿರಲಿಲ್ಲ. ಬೇಸಿಗೆಯ ಹೊಳೆಯ ಮರಳಿಗೆ ಕೊಡ ಸುರಿದ ಹಾಗೆ. ಆಚಾರ್ರು ಮಂತ್ರ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಮೊದಲ ಬಾರಿಗೆ ಅವರ ಮುಖದಲ್ಲಿ ಹೊಗಳಿಕೆ ಇರಲಿಲ್ಲ.

ಕೊನೆಗೆ ಕೈ ತಾನಾಗಿಯೇ ನಿಂತಿತು. ತೃಪ್ತಿಯಾಯಿತೇ ಎಂದು ಪ್ರಸನ್ನ ಕೇಳಬೇಕು, ಆಯಿತು ಎಂದು ನಾನು ಹೇಳಬೇಕು, ಇದು ಕ್ರಮ. ಅವನು ಕೇಳಿದ. ನಾನು ಬಾಯಿ ತೆರೆದೆ. ಉತ್ತರ ಬಂತು. ಆಯಿತು ಎಂದೇ ಬಂತು, ಆದರೆ ಅಷ್ಟು ನಿಧಾನವಾಗಿ, ಅಷ್ಟು ನೆಮ್ಮದಿಯಿಂದ ನಾನು ಜೀವಮಾನದಲ್ಲಿ ಯಾವ ಮಾತನ್ನೂ ಆಡಿದವನಲ್ಲ. ವೈನಿ ಬಾಗಿಲ ಹತ್ತಿರವೇ ಕುಸಿದು ಕೂತು ಗೋಡೆಗೆ ತಲೆ ಆನಿಸಿದರು. “ಆತಂತ” ಎಂದು ತಮಗೆ ತಾವೇ ಹೇಳಿಕೊಂಡರು. ಒಂದು ವರ್ಷ ಬಿಗಿಹಿಡಿದಿದ್ದ ಅಳು ಆಗ ಹೊರಗೆ ಬಂತು.

ಎದ್ದು ಕೈ ತೊಳೆದೆ. ಆಗ ಹೊಟ್ಟೆಯಲ್ಲಿ ಏನೋ ಹಿಂಡಿತು. ಅಜೀರ್ಣ ಎಂದುಕೊಂಡೆ, ಅಲ್ಲ. ಅದು ಹಸಿವು. ಬೆಳಗಿನಿಂದ ಏನೂ ತಿನ್ನದವನ ಅಪ್ಪಟ ಹಸಿವು. ಮನೆಗೆ ಬಂದೆ. ಸುಧಾ ಬಾಗಿಲಲ್ಲೇ ಕಾಯುತ್ತಿದ್ದಳು. ನನ್ನ ಉತ್ತರೀಯದ ಮೇಲಿನ ತುಪ್ಪದ ಕಲೆ ನೋಡಿದಳು, ಬೆರಳಿನ ಉಗುರಿನಲ್ಲಿ ಉಳಿದಿದ್ದ ಎಳ್ಳು ನೋಡಿದಳು.

“ಎಷ್ಟ ಉಂಡ್ರಿ?” ಎಂದಳು.

“ಏನೂ ಉಂಡಿಲ್ಲ” ಎಂದೆ.

ಶಾಲೆಯಿಂದ ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಆಲೂಗಡ್ಡೆ ಭಜಿ ತಿಂದು, ಬಾಯಿ ಒರೆಸಿಕೊಂಡು, ಇದೇ ಮಾತನ್ನು ಎಷ್ಟೋ ಸಂಜೆ ಅವಳಿಗೆ ಹೇಳಿದ್ದೇನೆ. ಪ್ರತಿ ಸಲವೂ ಪಾಪ, ನಂಬಿ ರೊಟ್ಟಿ ಬಡಿಸಿದ್ದಾಳೆ. ಅವತ್ತು ನಂಬಲಿಲ್ಲ. ಒಳಗೆ ಹೋಗಿ ಅಡುಗೆಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದಳು.