ಒಂದೇ ನಂಬರಿಗೆ ಇಬ್ಬರು

ಜುವಾಂಗ್ ಧಣಿಗೆ ಹಾಡುವ ಹುಚ್ಚು ಹಿಡಿದದ್ದೇ ಇಷ್ಟಕ್ಕೆಲ್ಲ ಮೂಲ. ಗಾಂಗ್‌ಶಾನ್ ಊರಿನ ಸ್ಕ್ರೂ ಕಾರ್ಖಾನೆಗಳ ಮಾಲೀಕರೆಲ್ಲ ವರ್ಷದ ಕೊನೆಯ ಔತಣದಲ್ಲಿ ಒಂದೊಂದು ಹಾಡು ಹಾಡಬೇಕು. ಹೋದ ಸಲ ಇವರು ಮೈಕ್ ಹಿಡಿದಾಗ ಪಕ್ಕದ ಕಾರ್ಖಾನೆಯವನು ಕೈ ತೊಳೆದು ಬರುತ್ತೇನೆಂದು ಎದ್ದುಹೋದವನು ಹಾಡು ಮುಗಿಯುವವರೆಗೂ ಈಚೆಗೆ ಬರಲಿಲ್ಲ. ಆ ಅವಮಾನ ಧಣಿಯನ್ನು ವರ್ಷವಿಡೀ ಕೊರೆದಿತ್ತು. ಈ ಸಲ ಅಭ್ಯಾಸ ಮಾಡಿಯೇ ಹಾಡುತ್ತೇನೆಂದು ಭಾವಮೈದುನನ ಕೈಯಿಂದ ಆಫೀಸಿನ ಕಂಪ್ಯೂಟರಿಗೆ ಒಂದು ಸೌಂಡ್ ಕಾರ್ಡ್ ಹಾಕಿಸಿದರು.

ಆ ಕಂಪ್ಯೂಟರಿನ ಉಸ್ತುವಾರಿ ಫಾಂಗ್ ಜೆನ್‌ಬೋನದು. ಎಲ್ಲರ ಬಾಯಲ್ಲಿ ಅವನು ಆಬೋ. ಕಾರ್ಖಾನೆಗೆ ಮೇಲ್ ಬರುವುದು, ಹೋಗುವುದು ಎಲ್ಲ ಆ ಯಂತ್ರದಿಂದಲೇ. ಅದನ್ನು ನಡೆಸಲು ಆಬೋ ಲಿನಕ್ಸ್ ಎಂಬ ತಂತ್ರಾಂಶ ಹಾಕಿದ್ದ. ಲಿನಕ್ಸಿನ ಗುರುತು ಪೆಂಗ್ವಿನ್ ಹಕ್ಕಿಯಾದ್ದರಿಂದ ಆಫೀಸಿನವರು ಯಂತ್ರವನ್ನೇ ಪೆಂಗ್ವಿನ್ ಎನ್ನುತ್ತಿದ್ದರು. ಸೌಂಡ್ ಕಾರ್ಡ್ ಹಾಕಿಸಿದ ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ಸ್ಪೀಕರಿನಿಂದ ಹಾಡು ಇಂಪಾಗಿ ಬರುತ್ತಿದೆ, ಮೇಲ್ ಮಾತ್ರ ಒಂದೂ ಬಂದಿಲ್ಲ.

ಬೇರೆ ದಿನವಾಗಿದ್ದರೆ ಆಬೋ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮರುದಿನ ಅವನು ಜಿಯಾಯಿ ಊರಿಗೆ ಹೋಗಿ ವಾನ್‌ಯು ಎಂಬ ಹುಡುಗಿಯ ಮನೆಯವರನ್ನು ಕಾಣಬೇಕಿತ್ತು. ಲೆಕ್ಕಪತ್ರ ನೋಡುವ ಸೂಚಿನ್ ಅಕ್ಕ ತನ್ನ ದೂರದ ಚಿಕ್ಕಮ್ಮನ ಮೊಮ್ಮಗಳಾದ ಈ ಹುಡುಗಿಯನ್ನು ಒಂದು ಸಲ ಚಹದಂಗಡಿಯಲ್ಲಿ ತೋರಿಸಿದ್ದಳು. ಅವತ್ತಿನಿಂದ ಆಬೋ ಊಟ ಮಾಡುವಾಗಲೂ ಸುಮ್ಮಸುಮ್ಮನೆ ನಗುತ್ತಿದ್ದ.

“ರಜೆ ಕೊಟ್ಟಿದೀನಿ, ಇಲ್ಲ ಅನ್ನಲ್ಲ. ಆದ್ರೆ ಮೇಲ್ ಸರಿಹೋಗೋವರೆಗೂ ನೀನು ಊರು ಬಿಡೋ ಹಾಗಿಲ್ಲ ನೋಡು. ಒಸಾಕಾದೋರ ಆರ್ಡರ್ ಬರೋದಿದೆ,” ಎಂದರು ಧಣಿ.

ಆಬೋ ಯಂತ್ರದ ಮುಂದೆ ಕೂತು ಒಳಗಿನ ಸಮಾಚಾರ ವಿಚಾರಿಸಿದ. ಒಳಗಿರುವ ಪ್ರತಿಯೊಂದು ಕಾರ್ಡಿಗೂ ಒಂದು ನಂಬರ್ ಇರುತ್ತದೆ. ಕೆಲಸ ಬಿದ್ದಾಗ ಅದು ಆ ನಂಬರಿನಿಂದಲೇ ಕೂಗಬೇಕು. ಐದನೇ ನಂಬರು ಮೊದಲಿನಿಂದ ಮೇಲ್ ತರುವ ನೆಟ್‌ವರ್ಕ್ ಕಾರ್ಡಿನದು. ನಿನ್ನೆ ಬಂದ ಸೌಂಡ್ ಕಾರ್ಡ್ ಬಸ್ಸಿನಲ್ಲಿ ಟವೆಲ್ ಹಾಸಿ ಸೀಟು ಹಿಡಿದವರ ಹಾಗೆ ಅದೇ ನಂಬರಿನ ಮೇಲೆ ಕೂತುಬಿಟ್ಟಿತ್ತು.

“ಧಣಿ, ಸೌಂಡ್ ಕಾರ್ಡ್ ತೆಗೆದುಬಿಟ್ರೆ ಈಗಲೇ ಸರಿಹೋಗುತ್ತೆ.”

“ನನ್ನ ಹಾಡು?”

“ಮನೇಲಿ ಹಾಡ್ಕೋಬಹುದಲ್ಲ?”

“ಮನೇಲಿ ಹಾಡೋಕೆ ಬಿಟ್ಟಿದ್ರೆ ಇಲ್ಲಿಗ್ಯಾಕೆ ತರ್ತಿದ್ದೆ?” ಎಂದರು ಧಣಿ. ಅವರ ಹೆಂಡತಿಯನ್ನು ಬಲ್ಲ ಆಬೋ ಮತ್ತೆ ಯಂತ್ರದ ಕಡೆ ತಿರುಗಿದ.

ಸೌಂಡ್ ಕಾರ್ಡಿಗೆ ಏಳನೇ ನಂಬರ್ ಕೊಟ್ಟು ನೋಡಿದ. ಏಳು ಪ್ರಿಂಟರಿನದು. ಅದು ಅರ್ಧ ಹಾಳೆ ಕಕ್ಕಿ ಮುಷ್ಕರ ಹೂಡಿತು. ಮರುಗಳಿಗೆಯಲ್ಲೇ ಗೋದಾಮಿನ ಪೆಂಗ್ ಅರ್ಧ ಹಾಳೆ ಹಿಡಿದು ಓಡಿಬಂದ.

“ಏನಯ್ಯಾ ಇದು? ಹೊರಗೆ ಲಾರಿ ನಿಂತಿದೆ. ನಟ್ಟು ಎಷ್ಟು ಅಂತ ಇದೆ, ಬೋಲ್ಟು ಎಷ್ಟು ಅಂತ ಇಲ್ಲ!”

ಸೌಂಡ್ ಕಾರ್ಡನ್ನು ಮತ್ತೆ ಐದಕ್ಕೇ ತಂದು, ನೆಟ್‌ವರ್ಕ್ ಕಾರ್ಡಿಗೆ ಮೂರು ಕೊಟ್ಟ. ಮೂರರಲ್ಲಿ ಫ್ಯಾಕ್ಸ್ ಇತ್ತು. ಅದೂ ಉಸಿರು ನಿಲ್ಲಿಸಿತು. ಈಗ ಆಫೀಸಿನಲ್ಲಿ ಯಾರಿಗೂ ಕೆಲಸವಿಲ್ಲ. ಕೆಲಸವಿಲ್ಲದವರೆಲ್ಲ ಆಬೋನ ಬೆನ್ನ ಹಿಂದೆ ಬಂದು ನಿಂತರು.

ಸೂಚಿನ್ ಅಕ್ಕ ಯಂತ್ರದ ನೆತ್ತಿ ನೋಡಿ ಹಣೆ ಚಚ್ಚಿಕೊಂಡಳು. “ಅಯ್ಯೋ, ಇದರ ಮೇಲೆ ಪೊಟ್ಟಣವೇ ಇಲ್ವಲ್ಲೋ! ಹಂಗಿದ್ರೆ ಯಾಕೆ ಮಾತು ಕೇಳುತ್ತೆ?”

ಹಸಿರು ಪೊಟ್ಟಣದ ಜೋಳದ ಕುರುಕಲು ಯಂತ್ರದ ಮೇಲಿದ್ದರೆ ಯಂತ್ರ ಹಟ ಮಾಡುವುದಿಲ್ಲ. ಆ ಕುರುಕಲಿನ ಹೆಸರಿನ ಅರ್ಥವೇ ‘ಮಾತು ಕೇಳು’ ಎಂದು. ಇದು ಆ ನಾಡಿನ ದೊಡ್ಡ ದೊಡ್ಡ ಇಂಜಿನಿಯರುಗಳೂ ಎದುರು ಮಾತಾಡದ ವಿಷಯ. ಪೆಂಗ್ ಅಂಗಡಿಗೆ ಓಡಿ ಒಂದು ಪೊಟ್ಟಣ ತಂದ. ಅದು ಹಳದಿ ಬಣ್ಣದ್ದು.

“ಹಳದಿ ತಂದಿದೀಯಲ್ಲೋ ಪುಣ್ಯಾತ್ಮ! ಸಿಗ್ನಲ್‌ನಲ್ಲಿ ಹಳದಿ ಬಂದ್ರೆ ಗಾಡಿ ಬಿಡ್ತಾರೇನೋ?”

“ಹಸಿರು ಖಾಲಿ ಆಗಿತ್ತಕ್ಕಾ. ಒಳಗಿರೋದೂ ಕುರುಕಲೇ ತಾನೇ?”

“ಹಂಗಾದ್ರೆ ನೀನೇ ತಿನ್ನು!”

ಪೆಂಗ್ ತಿಂದ. ಧಣಿಯೂ ತಿಂದರು. ಕುರುಕಲಿನ ಪುಡಿಯೆಲ್ಲ ಬಿಚ್ಚಿಟ್ಟ ಯಂತ್ರದೊಳಕ್ಕೆ ಉದುರಿತು. ಅಕ್ಕ ತಾನೇ ದೂರದ ಅಂಗಡಿಗೆ ಹೋಗಿ ಹಸಿರು ಪೊಟ್ಟಣ ತಂದು, ಕೈಮುಗಿದು, ಪೆಂಗ್ವಿನ್‌ನ ತಲೆಯ ಮೇಲಿಟ್ಟಳು. ಯಂತ್ರ ಆಮೇಲೂ ಮಾತು ಕೇಳಲಿಲ್ಲ. ದಿಕ್ಕು ಸರಿಯಿಲ್ಲವೆಂದು ಧಣಿ ಹೇಳಿದ್ದರಿಂದ ಮೇಜನ್ನೂ ತಿರುಗಿಸಿದ್ದಾಯಿತು. ಈಗ ಆಬೋ ತೆರೆ ನೋಡಬೇಕಾದರೆ ಗೋಡೆಗೆ ಆತು ಕತ್ತು ಚಾಚಬೇಕಿತ್ತು.

ಮಧ್ಯಾಹ್ನ ಹೀಗೇ ಕಳೆಯಿತು. ಪಟ್ಟಿಯನ್ನು ಮತ್ತೆ ಓದಿದಾಗ ಹತ್ತನೇ ನಂಬರು ಯಾರಿಗೂ ಸೇರದೆ ಬಿದ್ದಿರುವುದು ಆಬೋನ ಕಣ್ಣಿಗೆ ಬಿತ್ತು. ನೆಟ್‌ವರ್ಕ್ ಕಾರ್ಡಿನ ಮೇಲೆ ನಂಬರ್ ಗೊತ್ತುಮಾಡುವ ಅಕ್ಕಿಕಾಳಿನಷ್ಟು ಚಿಕ್ಕ ಪ್ಲಾಸ್ಟಿಕ್ ಟೋಪಿಯನ್ನು ಒಂದು ಲೋಹದ ಕಡ್ಡಿಯಿಂದ ಕಿತ್ತು ಇನ್ನೊಂದಕ್ಕೆ ಹಾಕಿದರೆ ಮುಗಿಯಿತು. ಕಿತ್ತ. ಟೋಪಿ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು.

“ಯಾರೂ ಕಾಲು ಎತ್ತಬೇಡಿ!” ಎಂದು ಆಬೋ ಕೂಗಿದ್ದೇ ತಡ, ಹಾವೇ ಬಂತೆಂದು ಎಲ್ಲರೂ ಕಾಲು ಎತ್ತಿದರು. ಆಫೀಸಿನ ನೆಲವನ್ನೆಲ್ಲ ಅಂಬೆಗಾಲಿಕ್ಕಿ ಹುಡುಕಿದ ಮೇಲೆ ಅದು ಸಿಕ್ಕಿದ್ದು ಧಣಿಯ ಸವೆದು ತೆಳುವಾದ ಚಪ್ಪಲಿಯ ಅಡಿಯಲ್ಲಿ. ಕೆರೆದು ತೆಗೆದಾಗ ಧಣಿಗೆ ಕಚಗುಳಿಯಾಗಿ ನಗು ತಡೆಯಲಾಗಲಿಲ್ಲ.

ಸಂಜೆಯ ಹೊತ್ತಿಗೆ ಬೇಸರವಾಗಿ ಒಬ್ಬೊಬ್ಬರೇ ತಮ್ಮ ಜಾಗಕ್ಕೆ ಹೋದರು. ಆಬೋ ಒಬ್ಬನೇ ಗೋಡೆಗೆ ಆತು ಕೂತು ಟೋಪಿ ಹಾಕಿ, ಯಂತ್ರಕ್ಕೆ ಹತ್ತನೇ ನಂಬರ್ ಹೇಳಿಕೊಟ್ಟ. ಕಾರ್ಡಿನ ಹಸಿರು ದೀಪ ಮಿಣುಕಿತು. ಒಂದು ಮೇಲ್ ಬಂತು. ಆಬೋಗೆ ಕುಣಿಯುವಷ್ಟು ಸಂತೋಷವಾಯಿತು. ಎಲ್ಲರನ್ನೂ ಕೂಗಬೇಕೆಂದು ಬಾಯಿ ತೆರೆದವನು, ಕಳಿಸಿದವರ ಹೆಸರು ನೋಡಿ ಮುಚ್ಚಿದ. ಅದು ವಾನ್‌ಯುವಿನದು.

“ಅಜ್ಜಿ ನಮ್ಮಿಬ್ಬರ ಜಾತಕ ತೋರಿಸಿದಳು. ಕೂಡಿಬರುವುದಿಲ್ಲವಂತೆ. ನಾಳೆ ಬರಬೇಡಿ ಎಂದು ತಿಳಿಸಲು ಹೇಳಿದಳು. ಫೋನಿನಲ್ಲಿ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಬಾಗಿಲಿಗೆ ಬಂದವರನ್ನು ಅಜ್ಜಿ ಯಾವತ್ತೂ ಹಾಗೇ ಕಳಿಸಿದವಳಲ್ಲ. ಎದುರು ಕೂತು ಉಣ್ಣುವವರನ್ನು ಕಂಡರೆ ಕರಗಿಬಿಡುತ್ತಾಳೆ. ಈ ಕಾಗದ ನಿಮಗೆ ತಲುಪದಿದ್ದರೆ ಎಷ್ಟು ಚೆನ್ನಾಗಿತ್ತು.”

ಆಬೋ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದ. ಹುಡುಗಿಯ ಇಷ್ಟ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಸೂಚಿನ್ ಅಕ್ಕ ಎತ್ತಿದಳು.

“ಆಬೋ, ಜಿಯಾಯಿಯಿಂದ ವಾನ್‌ಯು ಅಜ್ಜಿ ಮಾತಾಡ್ತಿದಾರೆ. ಬೆಳಿಗ್ಗೆ ಏನೋ ಮೇಲ್ ಕಳಿಸಿದ್ರಂತೆ. ಬಂತಾ ಅಂತ ಕೇಳ್ತಿದಾರೆ ಕಣೋ.”

ಆಬೋ ಬೆನ್ನಿನಿಂದ ತೆರೆಯನ್ನು ಮುಚ್ಚಿ, ಕೈ ಹಿಂದಕ್ಕೆ ಚಾಚಿ ನೆಟ್‌ವರ್ಕ್ ತಂತಿಯನ್ನು ಕಿತ್ತುಹಾಕಿದ. ಜನ್ಮದಲ್ಲಿ ಇಷ್ಟು ಸರಾಗವಾಗಿ ಅವನು ಸುಳ್ಳು ಹೇಳಿರಲಿಲ್ಲ.

“ಎಲ್ಲಿ ಬರುತ್ತಕ್ಕಾ? ನೆಟ್‌ವರ್ಕ್ ಇನ್ನೂ ಸರಿಹೋಗಿಲ್ಲ. ಬೆಳಿಗ್ಗೆಯಿಂದ ಒಂದೂ ಬಂದಿಲ್ಲ.”

“ಬಂದಿಲ್ವಂತೆ ಚಿಕ್ಕಮ್ಮಾ,” ಎಂದಳು ಅಕ್ಕ ಫೋನಿಗೆ. ಆ ಕಡೆಯ ಮಾತು ಕೇಳಿಸಿಕೊಂಡು ನಕ್ಕಳು. “ಪಾಪದ ಹುಡುಗ ಆಗ್ಲೇ ಬಟ್ಟೆ ಇಸ್ತ್ರಿ ಮಾಡಿಸಿಟ್ಕೊಂಡಿದಾನೆ. ಅದೇನಿದ್ರೂ ನಾಳೆ ಬಂದಾಗಲೇ ಹೇಳಿದ್ರಾಯ್ತು ಬಿಡಿ... ಹೂಂ, ಮೀನು ತಿಂತಾನೆ, ಏನು ಮಾಡಿದ್ರೂ ತಿಂತಾನೆ.”

ಆಬೋಗೆ ಜೀವ ಬಂದಂತಾಯಿತು. ಆಗ ಒಳಕೋಣೆಯ ಬಾಗಿಲು ತೆರೆದು ಧಣಿ ಹೊರಗೆ ಬಂದರು.

“ಏನಂದೆ? ಇನ್ನೂ ಸರಿಹೋಗಿಲ್ವಾ?”

ಆಬೋ ಧಣಿಯ ಮುಖ ನೋಡಿದ, ಅಕ್ಕನ ಕೈಯಲ್ಲಿದ್ದ ಫೋನ್ ನೋಡಿದ. ಸರಿಹೋಯಿತು ಎಂದರೆ ಕಾಗದ ಬಂದ ಹಾಗೆ. ಸರಿಹೋಗಿಲ್ಲ ಎಂದರೆ ರಜೆ ಹೋದ ಹಾಗೆ.

“ಇ... ಇಲ್ಲ ಧಣಿ.”

“ಹಂಗಾದ್ರೆ ನಾಳೆ ಎಲ್ಲಿಗಯ್ಯಾ ಹೋಗ್ತೀಯ? ಮಾತು ಅಂದ್ರೆ ಮಾತು. ಬೆಳಿಗ್ಗೆ ಬಂದು ಇಲ್ಲೇ ಕೂತ್ಕೋ.”

ಅಕ್ಕ ನಿಟ್ಟುಸಿರು ಬಿಟ್ಟು ಫೋನನ್ನು ಮತ್ತೆ ಬಾಯಿಗೆ ಹಿಡಿದಳು. “ಚಿಕ್ಕಮ್ಮಾ, ಮೀನು ತರಿಸಬೇಡಿ. ಹುಡುಗನಿಗೆ ರಜೆ ಇಲ್ವಂತೆ.” ಸ್ವಲ್ಪ ಹೊತ್ತು ಕೇಳಿಸಿಕೊಂಡವಳು ಕಣ್ಣರಳಿಸಿ ಆಬೋನ ಕಡೆ ತಿರುಗಿದಳು.

“ಅಜ್ಜಿ ಹೇಳ್ತಿದಾರೆ ನೋಡೋ, ಜಾತಕ ನೋಡಿದೋನು ಎಂಥಾ ಗಟ್ಟಿಗ ಅಂತೀನಿ! ಈ ಸಂಬಂಧಕ್ಕೆ ಹೊರಟ್ರೆ ಹೊಸಿಲು ದಾಟೋಕೂ ಆಗಲ್ಲ ಅಂತ ಬೆಳಿಗ್ಗೆನೇ ಹೇಳಿದ್ನಂತೆ!”